ಕಾರಿಗೆ ಜಿಪಿಎಸ್ ಕೊಳ್ಳುವ ಮೊದಲು ಮ್ಯಾಪ್ ನೋಡಿ

ಮುಂಬಯಿಯಿಂದ ಊರಿಗೆ ಕಾರಿನಲ್ಲೇ ಹೋಗುವ ನಮ್ಮವರು ಈಗ ಜಾಸ್ತಿ ಆಗಿದ್ದಾರೆ. ಚೌತಿಗೆ, ದಸರಾಕ್ಕೆ, ಮೇ ರಜೆಗೆ ಡೊಂಬಿವಲಿ, ಠಾಣೆ, ಗೋರೆಗಾಂವ್‌ನಿಂದ ಉಡುಪಿ, ಕುಂದಾಪುರ, ಹುಬ್ಬಳ್ಳಿ ಕಡೆ ಕಾರುಗಳು ಹೊರಡುತ್ತವೆ. ಆಗೆಲ್ಲ ಯಾರಾದರೂ ಕೇಳುತ್ತಾರೆ: ಕಾರಿಗೆ ಅಂತ ಬೇರೆ ಜಿಪಿಎಸ್, ಅಂದರೆ ದಾರಿ ತೋರಿಸುವ ಸಾಧನ, ತಗೊಳ್ಳೋದಾ? ಐದು ಇಂಚಿನ ಸ್ಕ್ರೀನ್ ಸಾಕಾ, ಏಳು ಬೇಕಾ?

ಸ್ಕ್ರೀನ್ ಆಮೇಲೆ ನೋಡೋಣ. ಮೊದಲು ಒಳಗಿರುವ ಮ್ಯಾಪ್ ನೋಡಿ. ಅದು ಯಾವ ವರ್ಷದ್ದು, ಅದನ್ನು ಹೊಸದು ಮಾಡಿಕೊಡುವವರು ಯಾರು, ಎಷ್ಟು ವರ್ಷ ಮಾಡಿಕೊಡುತ್ತಾರೆ, ಅದಕ್ಕೆ ದುಡ್ಡು ಕೇಳುತ್ತಾರಾ ಅಂತ ವಿಚಾರಿಸಿ. ಇದಕ್ಕೆ ನೆಟ್ಟಗೆ ಉತ್ತರ ಕೊಡದ ಸಾಧನ ಎಷ್ಟೇ ಅಗ್ಗ ಇರಲಿ, ಬೇಡ.

ಯಾಕೆ ಅಂದರೆ, ಉಪಗ್ರಹಗಳು ಎಲ್ಲ ಸಾಧನಗಳಿಗೂ ಅವೇ. ಸುಮಾರು 20,200 ಕಿ.ಮೀ. ಎತ್ತರದಲ್ಲಿ ಸುತ್ತುತ್ತಿರುವ ಜಿಪಿಎಸ್ ಉಪಗ್ರಹಗಳಲ್ಲಿ ನಾಲ್ಕರ ಸಿಗ್ನಲ್ ಸಿಕ್ಕರೆ ಸಾಧನ ತಾನು ಎಲ್ಲಿದ್ದೇನೆ ಅಂತ ಲೆಕ್ಕ ಹಾಕಿಕೊಳ್ಳುತ್ತದೆ. ಅದಕ್ಕೆ ಸಿಮ್ ಬೇಡ, ಇಂಟರ್ನೆಟ್ ಬೇಡ, ತಿಂಗಳ ಬಾಡಿಗೆಯೂ ಬೇಡ. 2000ದ ಮೇ ತಿಂಗಳವರೆಗೆ ಅಮೆರಿಕ ಸರಕಾರ ಜನಸಾಮಾನ್ಯರಿಗೆ ಸಿಗುವ ಸಿಗ್ನಲನ್ನು ಬೇಕೆಂದೇ ಕೆಡಿಸಿ ಬಿಡುತ್ತಿತ್ತು. ಅದನ್ನು ನಿಲ್ಲಿಸಿದ ಮೇಲೆ ಅಗ್ಗದ ಸಾಧನ ಕೂಡ ಬಯಲಿನಲ್ಲಿ ಕೆಲವು ಮೀಟರ್ ಹೆಚ್ಚುಕಮ್ಮಿ ಸರಿಯಾದ ಜಾಗ ತೋರಿಸುತ್ತದೆ. ಆದರೆ ಸಿಗ್ನಲ್‌ನಿಂದ ಸಿಗುವುದು ಒಂದು ಚುಕ್ಕೆ ಅಷ್ಟೇ. ಆ ಚುಕ್ಕೆಯ ಕೆಳಗೆ ರಸ್ತೆ ಇದೆಯೋ ಸಮುದ್ರ ಇದೆಯೋ ಅಂತ ಹೇಳಬೇಕಾದದ್ದು ಮ್ಯಾಪ್.

ಸಮುದ್ರ ಅಂದದ್ದು ಸುಮ್ನೆ ಅಲ್ಲ. ಶಿವಡಿಯಿಂದ ನ್ಹಾವಾ ಶೇವಾ ಕಡೆ ಹೋಗುವ ಅಟಲ್ ಸೇತು ತೆರೆದದ್ದು 2024ರ ಜನವರಿಯಲ್ಲಿ. ಸುಮಾರು 22 ಕಿ.ಮೀ. ಉದ್ದ, ಅದರಲ್ಲಿ ಹೆಚ್ಚಿನ ಭಾಗ ನೀರಿನ ಮೇಲೆಯೇ. ಅದಕ್ಕಿಂತ ಹಳೆಯ ಮ್ಯಾಪಿಗೆ ಈ ಸೇತುವೆ ಗೊತ್ತೇ ಇಲ್ಲ. ನೀವು ಸೇತುವೆ ಮೇಲೆ ಹೋಗುತ್ತಿದ್ದರೂ ಸ್ಕ್ರೀನಿನಲ್ಲಿ ಕಾರು ನೀಲಿ ನೀರಿನ ನಡುವೆ ಇರುತ್ತದೆ. ಕೊಂಕಣದ ದಾರಿಯಲ್ಲಿ ಈ ತೊಂದರೆ ಇನ್ನೂ ಹೆಚ್ಚು. ಪನವೇಲ್‌ನಿಂದ ಗೋವಾವರೆಗೆ ಹೆದ್ದಾರಿ 66ರ ಅಗಲೀಕರಣ ವರ್ಷಗಟ್ಟಲೆ ಎಳೆದಿದೆ. ಪೋಲಾದ್‌ಪುರ ಮತ್ತು ಖೇಡ್ ನಡುವಿನ ಕಶೇಡಿ ಘಾಟಿಗೆ ಸುರಂಗ ಬಂದಿದೆ. ಕಣಕವಲಿಯಲ್ಲಿ ಫ್ಲೈಓವರ್ ಬಂದಿದೆ. ಜುವಾರಿ ನದಿಗೆ ಹೊಸ ಸೇತುವೆ ಬಂದಿದೆ. ಹಳೆ ಮ್ಯಾಪ್ ನಂಬಿದರೆ ಅದು ನಿಮ್ಮನ್ನು ಕಶೇಡಿಯ ಹಳೆ ತಿರುವುಗಳಿಗೇ ಹತ್ತಿಸುತ್ತದೆ. ರಾತ್ರಿ ಹೊತ್ತು, ಜಡಿಮಳೆ, ಹಿಂದಿನ ಸೀಟಿನಲ್ಲಿ ಮಕ್ಕಳು ಮತ್ತು ವಯಸ್ಸಾದ ಅಮ್ಮ. ಇಂಥ ಹೊತ್ತಿನಲ್ಲಿ ಏಳು ಇಂಚಿನ ಸ್ಕ್ರೀನ್ ಯಾವ ಉಪಯೋಗಕ್ಕೆ ಬರುತ್ತದೆ ಹೇಳಿ.

ಪರಿಚಯದವರೊಬ್ಬರು ಆನ್‌ಲೈನಿನಲ್ಲಿ ತರಿಸಿದ್ದರಲ್ಲಿ ಇದ್ದದ್ದು ಯುರೋಪಿನ ಮ್ಯಾಪ್. ಭಾರತದ್ದು ಬೇಕಾದರೆ ನೀವೇ ಹುಡುಕಿ ಹಾಕಿಕೊಳ್ಳಿ ಅಂದರಂತೆ. ಇನ್ನು ಕೆಲವು ಅಂಗಡಿಗಳಲ್ಲಿ ಜಿಪಿಎಸ್ ಕೊಡಿ ಅಂದರೆ ಟ್ರ್ಯಾಕರ್ ಕೈಗೆ ಕೊಡುತ್ತಾರೆ. ಅದು ಗಾಡಿ ಎಲ್ಲಿದೆ ಅಂತ ಮಾಲೀಕರಿಗೆ ತಿಳಿಸುವ ಡಬ್ಬಿ. ಅದಕ್ಕೆ ಸಿಮ್ ಬೇಕು, ಅದು ದಾರಿ ಹೇಳುವುದಿಲ್ಲ.

ಹಾಗಾದರೆ ಫೋನ್ ಸಾಕಲ್ವಾ? ಮುಂಬಯಿಯ ಒಳಗೆ ಓಡಾಡುವವರಿಗೆ ಖಂಡಿತ ಸಾಕು. ಸಾಯನ್‌ನಲ್ಲಿ ಎಷ್ಟು ಜಾಮ್ ಇದೆ ಅಂತ ಆ ಕ್ಷಣಕ್ಕೆ ಹೇಳುವುದು ನೆಟ್ ಇರುವ ಫೋನು. ಜೊತೆಗೆ ಗೂಗಲ್ ಮ್ಯಾಪ್ ಕನ್ನಡದಲ್ಲೇ ದಾರಿ ಹೇಳುತ್ತದೆ. ಆಫೀಸಿಗೆ ಹೋಗಿ ಬರುವುದಕ್ಕೆ ಅಂತ ಬೇರೆ ಸಾಧನ ಕೊಳ್ಳಬೇಡಿ.

ಘಾಟಿ ಹತ್ತಿ ಇಳಿಯುವವರ ಮಾತು ಬೇರೆ. ಬೆಳಗಾವಿಯಿಂದ ಗೋವಾಕ್ಕೆ ಚೋರ್ಲಾ ದಾರಿ, ಸಾವಂತವಾಡಿಗೆ ಅಂಬೋಲಿ ದಾರಿ. ಕಾಡಿನ ನಡುವೆ ಮೊಬೈಲ್ ನೆಟ್‌ವರ್ಕ್ ಹೋಗಿಬಿಡುತ್ತದೆ. ಆಫ್‌ಲೈನ್ ಮ್ಯಾಪ್ ಇಳಿಸಿಕೊಂಡಿದ್ದರೆ ಫೋನೂ ದಾರಿ ಹೇಳುತ್ತದೆ, ಸರಿ. ಆದರೆ ಹೊರಡುವ ಗಡಿಬಿಡಿಯಲ್ಲಿ ಅದನ್ನು ನೆನಪಿಟ್ಟು ಇಳಿಸಿಕೊಳ್ಳುವವರು ಎಷ್ಟು ಜನ? ಅದೂ ಅಲ್ಲದೆ ಮೇ ತಿಂಗಳ ಬಿಸಿಲಿನಲ್ಲಿ, ಗಾಜಿನ ಹಿಂದೆ, ಚಾರ್ಜಿಗೆ ಹಾಕಿದ ಫೋನ್ ಕಾದು ಸ್ಕ್ರೀನ್ ಮಂಕಾಗುತ್ತದೆ, ಕೆಲವೊಮ್ಮೆ ಬಂದ್ ಆಗುತ್ತದೆ. ಸರಿಯಾಗಿ ತಿರುವು ಬರುವಾಗಲೇ ಯಾರದ್ದೋ ಕರೆ ಬರುತ್ತದೆ. ವರ್ಷಕ್ಕೆ ಕೆಲವು ಸಲವಾದರೂ ಇಂಥ ದಾರಿಯಲ್ಲಿ ಹೋಗುವವರಿಗೆ, ಫೋನಿನ ಗೊಡವೆಯೇ ಬೇಡ ಅನ್ನುವ ಹಿರಿಯರಿಗೆ, ಇಡೀ ದೇಶದ ಮ್ಯಾಪ್ ಒಳಗೇ ಇರುವ ಸಾಧನ ನಿಜಕ್ಕೂ ಒಳ್ಳೆಯದು ಅಂತ ನಾನು ನಂಬುತ್ತೇನೆ.

ಮ್ಯಾಪ್ ಆದ ಮೇಲೆ ನಾನು ನೋಡುವುದು ಧ್ವನಿ. ತಿರುವು ಎಷ್ಟು ಮುಂಚೆ ಹೇಳುತ್ತದೆ, ಫ್ಲೈಓವರ್ ಹತ್ತಬೇಕೋ ಕೆಳಗೆ ಹೋಗಬೇಕೋ ಅಂತ ಬಿಡಿಸಿ ಹೇಳುತ್ತದಾ? ಜಿಪಿಎಸ್‌ಗೆ ಎತ್ತರದ ಅಂದಾಜು ಅಷ್ಟು ಚೆನ್ನಾಗಿ ಸಿಗುವುದಿಲ್ಲ. ನೀವು ಜೆಜೆ ಫ್ಲೈಓವರ್ ಮೇಲಿದ್ದೀರೋ ಅಡಿಯ ಮೊಹಮ್ಮದ್ ಅಲಿ ರೋಡಿನಲ್ಲಿದ್ದೀರೋ ಅಂತ ಅದಕ್ಕೆ ಗೊಂದಲ. ಹತ್ತಿದ ಮೇಲೆ ಹೇಳಿ ಪ್ರಯೋಜನ ಇಲ್ಲ, ಮುಂಚೆಯೇ ಹೇಳಬೇಕು. ಲೋವರ್ ಪರೇಲ್‌ನಂಥ ಕಡೆ ಎತ್ತರದ ಕಟ್ಟಡಗಳಿಗೆ ಬಡಿದು ಸಿಗ್ನಲ್ ಅಡ್ಡಾದಿಡ್ಡಿ ಬರುತ್ತದೆ. ಜಿಪಿಎಸ್ ಜೊತೆಗೆ ರಷ್ಯಾದ ಗ್ಲೋನಾಸ್, ಯುರೋಪಿನ ಗೆಲಿಲಿಯೊ, ನಮ್ಮ ಇಸ್ರೋದ ನಾವಿಕ್ ಈ ಉಪಗ್ರಹ ವ್ಯವಸ್ಥೆಗಳಲ್ಲಿ ಒಂದೆರಡನ್ನಾದರೂ ಹಿಡಿಯುವ ಸಾಧನ ಅಲ್ಲಿ ಸ್ವಲ್ಪ ಮೇಲು.

ಬ್ಯಾಟರಿ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ. ಇವು ಕಾರಿನ ಚಾರ್ಜರ್‌ನಲ್ಲೇ ಓಡುವಂಥವು. ವೈರ್ ಉದ್ದ ಇದ್ದರೆ ಸಾಕು. ಸ್ಕ್ರೀನ್ ಐದು ಇಂಚೇ ಇರಲಿ, ಮಧ್ಯಾಹ್ನದ ಬಿಸಿಲಿನಲ್ಲಿ ಕಾಣಬೇಕು. ಗಾಜಿನ ಕೆಳಮೂಲೆಯಲ್ಲಿ, ರಸ್ತೆಗೆ ಅಡ್ಡ ಬಾರದ ಹಾಗೆ, ಏರ್‌ಬ್ಯಾಗ್ ಬಿಚ್ಚಿಕೊಳ್ಳುವ ಜಾಗ ಬಿಟ್ಟು ಕೂರಿಸಿ. ಹೋಗಬೇಕಾದ ಊರನ್ನು ಕಾರು ನಿಂತಿರುವಾಗಲೇ ಹಾಕಿ.

ಕೊಳ್ಳುವ ದಿನ ಅಂಗಡಿಯಲ್ಲೇ ಆನ್ ಮಾಡಿಸಿ. ಅಟಲ್ ಸೇತು ಹುಡುಕಿ, ಕಶೇಡಿ ಸುರಂಗ ಹುಡುಕಿ. ಆಮೇಲೆ ನಿಮ್ಮ ಊರು ಹಾಕಿ ನೋಡಿ. ಬೈಂದೂರು, ಕುಂದಾಪುರ ಇವನ್ನೆಲ್ಲ ಇಂಗ್ಲಿಷಿನಲ್ಲಿ ಒಬ್ಬೊಬ್ಬರು ಒಂದೊಂದು ಥರ ಬರೆಯುತ್ತಾರೆ, ಒಂದು ಥರ ಹಾಕಿದರೆ ಸಿಗುವುದಿಲ್ಲ. ಅದಕ್ಕೇ ಅಕ್ಷಾಂಶ, ರೇಖಾಂಶ ಹಾಕಲು ಬರುತ್ತದಾ ಅಂತಲೂ ಕೇಳಿ. ಊರಲ್ಲಿರುವ ಅಣ್ಣನೋ ಅಕ್ಕನೋ ಮನೆ ಅಂಗಳದಲ್ಲಿ ನಿಂತು ತಮ್ಮ ಫೋನಿನಿಂದ ಆ ಎರಡು ಸಂಖ್ಯೆ ಕಳಿಸಿದರೆ ಆಯಿತು. ಅದನ್ನು ಸಾಧನದಲ್ಲಿ ಉಳಿಸಿಕೊಂಡರೆ ಊರಿನ ಹೆಸರು ಮ್ಯಾಪಿನಲ್ಲಿ ಇಲ್ಲದಿದ್ದರೂ ದಾರಿ ಸಿಗುತ್ತದೆ.