ವಾಲ್ಟ್ಜ್ ಕಲಿಯಲು ಬಂದವರಿಗೆ ಮೊದಲ ದಿನ ಎಷ್ಟು ಹೇಳಬೇಕು?

ಕ್ರಿಸ್‌ಮಸ್ ಮುಗಿದು ತಪಸ್ಸುಕಾಲ (ಈಸ್ಟರ್‌ಗೆ ಮುಂಚಿನ ಉಪವಾಸದ ದಿನಗಳು) ಹಿಡಿಯುವುದರೊಳಗೆ ಕಾರವಾರ, ಅಂಕೋಲಾ, ಹೊನ್ನಾವರ ಕಡೆ ಕ್ರೈಸ್ತರ ಮದುವೆಗಳು ಸಾಲುಗಟ್ಟುತ್ತವೆ. ರಿಸೆಪ್ಶನ್ನಿನಲ್ಲಿ ಜೋಡಿಯಾಗಿ ಕುಣಿಯಬೇಕೆಂದು ಹೊಸಬರು ವಾಲ್ಟ್ಜ್, ಅಂದರೆ ಮೂರು ಮೂರು ಎಣಿಕೆಗೆ ಹೆಜ್ಜೆ ಹಾಕುವ ಜೋಡಿ ಡ್ಯಾನ್ಸ್, ಕಲಿಯಲು ಬರುತ್ತಾರೆ. ಬಂದ ಮೊದಲ ತಾಸಿನಲ್ಲೇ ಹಿಮ್ಮಡಿ ಮೊದಲೋ ಬೆರಳು ಮೊದಲೋ, ಎಲ್ಲಿ ಮುಂಗಾಲ ಮೇಲೆ ಮೇಲೇಳಬೇಕು, ಮೈ ಯಾವ ಕಡೆ ವಾಲಬೇಕು ಎಂದೆಲ್ಲ ಅವರ ತಲೆಗೆ ತುಂಬುವುದು ಸರಿಯಲ್ಲ. ಅಷ್ಟನ್ನೂ ನೆನಪಿಡಲು ಹೋಗಿ ಅವರು ಕಾಲನ್ನೇ ನೋಡುತ್ತಾರೆ. ತಲೆ ಬಗ್ಗಿದ ಕೂಡಲೇ ಮೈಭಾರ ಮುಂದೆ ಬಂದು ಜೊತೆಯವರ ತೋಳಿನ ಮೇಲೆ ಬೀಳುತ್ತದೆ.

ಹಾಗಂತ "ಸುಮ್ಮನೆ ಕುಣೀರಿ, ತಾನಾಗೇ ಬರ್ತದೆ" ಅನ್ನುವುದೂ ತಪ್ಪೇ. ಮೈಭಾರ ಒಂದು ಕಾಲಿನಿಂದ ಇನ್ನೊಂದಕ್ಕೆ ಪೂರ್ತಿ ದಾಟುವುದು ಹೇಳಿಕೊಡದೆ ಬರುವುದಿಲ್ಲ. ಬಾಕ್ಸ್ ಸ್ಟೆಪ್ಪನ್ನೇ (ನೆಲದ ಮೇಲೆ ಚೌಕ ಬರೆದಂತೆ ಇಡುವ ಆರು ಹೆಜ್ಜೆ) ನೋಡಿ. ಲೀಡ್ ಮಾಡುವವರು, ಅಂದರೆ ಜೊತೆಯವರನ್ನು ನಡೆಸುವವರು, ಎಡಗಾಲು ಮುಂದೆ, ಬಲಗಾಲು ಪಕ್ಕಕ್ಕೆ, ಎಡಗಾಲು ತಂದು ಕೂಡಿಸು. ಆಮೇಲೆ ಬಲಗಾಲು ಹಿಂದೆ, ಎಡಗಾಲು ಪಕ್ಕಕ್ಕೆ, ಬಲಗಾಲು ಕೂಡಿಸು. ಹೆಚ್ಚಿನವರು ಎಡವುವುದು ಮೂರನೇ ಎಣಿಕೆಯಲ್ಲಿ. ಕಾಲು ಕೂಡಿರುತ್ತದೆ, ಭಾರ ದಾಟಿರುವುದಿಲ್ಲ. ನಾಲ್ಕಕ್ಕೆ ಮತ್ತೆ ಅದೇ ಎಡಗಾಲು ಏಳುತ್ತದೆ, ಎದುರಿನವರ ಬೆರಳು ತುಳಿಯುತ್ತದೆ. ಕೂಡಿಸಿದ ಮೇಲೆ ಇನ್ನೊಂದು ಕಾಲಿನ ಹಿಮ್ಮಡಿ ಒಂದಿಷ್ಟು ಎತ್ತಲು ಹೇಳಿ. ಎತ್ತಲು ಆಗದಿದ್ದರೆ ಭಾರ ಇನ್ನೂ ಅಲ್ಲೇ ಇದೆ. ಆರಂಭದಲ್ಲಿ ಹೆಜ್ಜೆ ಅವರವರ ಪಾದದ ಉದ್ದಕ್ಕಿಂತ ದೊಡ್ಡದು ಬೇಡ.

ಎಣಿಕೆಗೆ ನಮ್ಮ ಕಡೆ ಒಂದು ಅನುಕೂಲ ಇದೆ. ಭಜನೆಯಲ್ಲಿ ಕೂತವರಿಗೆ ದಾದ್ರಾ ತಾಳ ಕಿವಿಯಲ್ಲೇ ಇರುತ್ತದೆ. ಧಾ ಧಿನ್ ನಾ, ಧಾ ತಿನ್ ನಾ: ಆರು ಮಾತ್ರೆ, ಬಾಕ್ಸಿಗೂ ಆರು ಹೆಜ್ಜೆ. ಸಮ್‌ಗೆ (ಮೊದಲ ಮಾತ್ರೆ) ಎಡಗಾಲು ಮುಂದೆ, ಖಾಲಿಗೆ (ನಾಲ್ಕನೇ ಮಾತ್ರೆ) ಬಲಗಾಲು ಹಿಂದೆ. ಮೊದಲು ಜೋಡಿಯಿಲ್ಲದೆ ಹತ್ತು ನಿಮಿಷ ಹೀಗೆ ನಡೆಸಿ. ಹಾಡು ಆರಿಸುವಾಗ ಎಚ್ಚರ: ವಾಲ್ಟ್ಜ್ ಸ್ಪರ್ಧೆಗಳಲ್ಲಿ ನಿಮಿಷಕ್ಕೆ 28ರಿಂದ 30 ಬಾರ್ (ಮೂರು ಎಣಿಕೆಗೆ ಒಂದು ಬಾರ್), ಅಂದರೆ 84ರಿಂದ 90 ಎಣಿಕೆ. ವಿಯೆನ್ನೀಸ್ ವಾಲ್ಟ್ಜ್ ಎಂಬ ಇನ್ನೊಂದು ಬಗೆಯ ವಾಲ್ಟ್ಜಿನ ವೇಗ ಸುಮಾರು ಅದರ ಎರಡು ಪಟ್ಟು. ಆ ವೇಗದ ಹಾಡು ಹೊಸಬರಿಗೆ ಬೇಡವೇ ಬೇಡ.

ಕೈ ಹಿಡಿಯುವುದನ್ನೂ ಮೊದಲ ದಿನವೇ ತಿದ್ದಬೇಕು. ಲೀಡ್ ಮಾಡುವವರ ಬಲಗೈ ಜೊತೆಯವರ ಬೆನ್ನಲ್ಲಿ ಎಡ ಹೆಗಲಮೂಳೆಯ ಮೇಲೆ ಅಗಲವಾಗಿರಲಿ, ಸೊಂಟಕ್ಕೆ ಇಳಿಯುವುದು ಬೇಡ. ಜೊತೆಯವರ ಬಲಗೈಯನ್ನು ತಮ್ಮ ಎಡಗೈ ಹೆಬ್ಬೆರಳಿನಿಂದ ಒತ್ತಿ ಹಿಡಿದರೆ ಇಬ್ಬರ ಭುಜವೂ ಬಿಗಿಯುತ್ತದೆ. ಆಗ ನಡೆಸುವುದು ಹೋಗಿ ತಳ್ಳುವುದು ಶುರು. ಅಂಗೈಗೆ ಅಂಗೈ ತಾಗಿಸಿ, ಹಿಡಿಯದೆ ಒಂದು ಹಾಡು ಮಾಡಿಸಿ. ಎದೆ ಹೋದ ಕಡೆ ಕೈ ಹೋಗಬೇಕೆಂದು ಅಲ್ಲೇ ಗೊತ್ತಾಗುತ್ತದೆ.

ಸೀರೆ ಉಟ್ಟು ಬಂದವರ ಹಿಂದಿನ ಹೆಜ್ಜೆ ಚಿಕ್ಕದು. ಲೀಡ್ ಮಾಡುವವರೇ ಕುಗ್ಗಿಸಿಕೊಳ್ಳಬೇಕು, ಇಲ್ಲವಾದರೆ ನೆರಿಗೆ ಕಾಲಡಿಗೆ. ಟೈಲ್ಸ್ ನೆಲದಲ್ಲಿ ರಬ್ಬರ್ ಅಡಿಯ ಬೂಟು ಕಚ್ಚುತ್ತದೆ. ತಿರುಗುವಾಗ ಪಾದ ನಿಂತು ಮಂಡಿ ತಿರುಚುತ್ತದೆ. ಚರ್ಮದ ಅಡಿಯದು ಒಳ್ಳೆಯದು. ಬರೀ ಸಾಕ್ಸ್ ಬೇಡ, ಜಾರುತ್ತದೆ.

ಮೇಲೇಳುವುದು, ಇಳಿಯುವುದು, ವಾಲುವುದು ಎಲ್ಲ ಚೆಂದದ್ದೇ, ಕಲಿಸಲೇಬೇಕು. ಆದರೆ ಯಾವಾಗ? ಜೋಡಿ ಎರಡು ನಿಮಿಷ ಎಣಿಸದೆ, ಮಾತಾಡಿಕೊಂಡು ಬಾಕ್ಸ್ ಮಾಡುವಂತಾದಾಗ. ಆಗ ಮೊದಲು ಕಾಲುಭಾಗ ಎಡಕ್ಕೆ ತಿರುಗುವುದು, ಆಮೇಲೆ ಸಭಾಂಗಣದಲ್ಲಿ ಗಡಿಯಾರದ ಮುಳ್ಳಿಗೆ ಎದುರಾಗಿ ಸುತ್ತುವುದು, ಅದು ಕೂಡಿಬಂದ ಮೇಲೆ ಮೇಲೇಳುವುದು.