ಅಮ್ಮ ಹೋಗಬಹುದು, ಮಗ ಹೋಗುವಂತಿಲ್ಲ

ಕೆನಡಾದ ಕಾನೂನು ಬಹಳ ಉದಾರ. ಪಿ.ಆರ್., ಅಂದರೆ ಪರ್ಮನೆಂಟ್ ರೆಸಿಡೆಂಟ್ ಆದವನಿಗೆ ಆ ದೇಶದೊಳಗೆ ಬರುವ ಹಕ್ಕೂ ಇದೆ, ಬಂದು ಅಲ್ಲೇ ಇರುವ ಹಕ್ಕೂ ಇದೆ ಅಂತ ವಲಸೆ ಕಾಯ್ದೆಯ 27ನೇ ಸೆಕ್ಷನ್ ಹೇಳುತ್ತದೆ. ಗಡಿಗೆ ಹೋಗಿ ನಿಂತು, ನಾನು ಪಿ.ಆರ್. ಅಂತ ಅಧಿಕಾರಿಗೆ ಮನವರಿಕೆ ಮಾಡಿಕೊಟ್ಟರೆ ಮುಗಿಯಿತು, ಒಳಗೆ ಬಿಡಲೇಬೇಕು. ತೊಂದರೆ ಒಂದೇ. ಗಡಿ ಇರುವುದು ಕೆನಡಾದಲ್ಲಿ. ನಮ್ಮ ಹುಡುಗ ಇರುವುದು ಮಂಡ್ಯದಲ್ಲಿ.

ಹುಡುಗ ಅಂದರೆ ಗುತ್ತಲು ರಸ್ತೆಯ ಹುಡುಗ. ಹೆಸರು ಬೇಡ, ಅವನ ಫೈಲ್ ಇನ್ನೂ ನಡೆಯುತ್ತಿದೆ. ಟೊರಾಂಟೊ ಪಕ್ಕದ ಬ್ರಾಂಪ್ಟನ್‌ನಲ್ಲಿ ಓದಿದ, ಕೆಲಸ ಹಿಡಿದ, ಇತ್ತೀಚೆಗೆ ಪಿ.ಆರ್. ಆದ. ಈಗ ಎಲ್ಲ ಆನ್‌ಲೈನ್. ಫೋಟೊ ಹಾಕಿದರೆ, ಅಲ್ಲಿಯ ವಿಳಾಸ ಕೊಟ್ಟರೆ, ಒಂದು ದೃಢೀಕರಣ ಪತ್ರ ಬರುತ್ತದೆ. ಅದರಲ್ಲಿ ಇವನ ಹೆಸರಿದೆ, ಮುಖವಿದೆ, ಯಾವತ್ತಿನಿಂದ ಪಿ.ಆರ್. ಅನ್ನುವ ತಾರೀಖಿದೆ. ಬೀದಿಯಲ್ಲೆಲ್ಲ ಮೈಸೂರ್ ಪಾಕ್ ಹಂಚಿದರು. ಕಾರ್ಡ್ ಮಾತ್ರ ಆಮೇಲೆ ಪೋಸ್ಟ್‌ನಲ್ಲಿ ಬರುತ್ತದಂತೆ. ಅಷ್ಟರಲ್ಲಿ ತಂಗಿಯ ಮದುವೆ ಗೊತ್ತಾಯಿತು. ಮುಹೂರ್ತ ಯಾವ ದೇಶದ ಪೋಸ್ಟಿಗೂ ಕಾಯುವುದಿಲ್ಲವಲ್ಲ, ಹುಡುಗ ಹೊರಟು ಬಂದ.

ಬರುವಾಗ ಯಾರೂ ತಡೆಯಲಿಲ್ಲ. ಈ ವ್ಯವಸ್ಥೆಯ ಸೊಗಸೇ ಅದು. ಕೆನಡಾ ಬಿಟ್ಟು ಹೋಗುವುದಕ್ಕೆ ಕಾರ್ಡ್ ಬೇಡ. ವಾಪಸ್ ಬರುವುದಕ್ಕೆ ಬೇಕು. ಬಿಟ್ಟು ಹೋದ ಮೇಲೆ ತಾನೇ ಅದು ಗೊತ್ತಾಗುವುದು.

ಮದುವೆ ಚೆನ್ನಾಗಿ ನಡೆಯಿತು. ನಾಲ್ಕು ತಿಂಗಳು ಮಗನ ಜೊತೆ ಇದ್ದು ಬರೋಣ ಅಂತ ತಾಯಿಯೂ ಟಿಕೆಟ್ ಮಾಡಿಸಿಕೊಂಡರು. ಅವರ ಹತ್ತಿರ ಹಿಂದೊಮ್ಮೆ ಮಗನ ಕಾನ್ವೊಕೇಶನ್‌ಗೆ ಅಂತ ತೆಗೆದುಕೊಂಡ ಹತ್ತು ವರ್ಷದ ವಿಸಿಟರ್ ವೀಸಾ ಇತ್ತು. ರಾಗಿ ಹಿಟ್ಟು, ಚಟ್ನಿಪುಡಿ, ಮಾವಿನ ಉಪ್ಪಿನಕಾಯಿ, ಅಚ್ಚುಬೆಲ್ಲ ಎಲ್ಲವನ್ನೂ ತೂಕ ಹಾಕಿ ಕಟ್ಟಿ, ಮದ್ದೂರಿನಲ್ಲಿ ವಡೆ ತಿಂದು, ದೇವನಹಳ್ಳಿಯ ಏರ್‌ಪೋರ್ಟ್ ಸೇರಿದರು. ಕೌಂಟರಿನಲ್ಲಿದ್ದ ಹುಡುಗಿ ಕನ್ನಡದವಳೇ.

'ಸರ್, ಪಿ.ಆರ್. ಕಾರ್ಡ್?'

'ಇನ್ನೂ ಬಂದಿಲ್ಲ. ಈ ಪತ್ರ ಇದೆ ನೋಡಿ.'

'ಇದು ಪ್ರಯಾಣದ ದಾಖಲೆ ಅಲ್ಲ ಸರ್.'

'ನಾನು ಪಿ.ಆರ್. ಅಂತ ಅದರಲ್ಲೇ ಬರೆದಿದೆಯಲ್ಲ ಮೇಡಂ.'

'ಬರೆದಿದೆ ಸರ್. ಅದಕ್ಕೇ ಬಿಡೋಕಾಗಲ್ಲ.'

ಹುಡುಗ ಪಾಸ್‌ಪೋರ್ಟಿನ ಹಾಳೆ ತಿರುವಿ, ಓದುವ ಕಾಲದ ಹಳೆಯ ವೀಸಾ ತೋರಿಸಿದ. ಅದರ ತಾರೀಖು ಇನ್ನೂ ಮುಗಿದಿರಲಿಲ್ಲ. 'ಅದು ಸ್ವಲ್ಪ ದಿನಕ್ಕೆ ಅಂತ ಹೋಗೋರದ್ದು ಸರ್. ನೀವು ಖಾಯಂ ಆಗಿಬಿಟ್ಟಿದ್ದೀರಲ್ಲ' ಅಂದಳು. ಆಮೇಲೆ ತಾಯಿಯ ಪಾಸ್‌ಪೋರ್ಟ್ ನೋಡಿ, ಮುಖ ಅರಳಿಸಿಕೊಂಡು, 'ನೀವು ಹೋಗಬಹುದಮ್ಮ' ಅಂದಳು.

'ನಾನ್ ಹೋಗಿ ಅಲ್ಲಿ ಏನ್ ಮಾಡ್ಲವ್ವಾ? ನಾನ್ ನೋಡಕ್ಕೆ ಅಂತ ಹೋಯ್ತಿರೋದೇ ಇವನ್ನ!'

ಆ ಹುಡುಗಿಯನ್ನು ಬೈದು ಉಪಯೋಗವಿಲ್ಲ. ದಾಖಲೆ ಸರಿಯಿಲ್ಲದವನನ್ನು ಹತ್ತಿಸಿಕೊಂಡು ಬಂದರೆ ಕೆನಡಾ ಸರ್ಕಾರ ವಿಮಾನ ಕಂಪನಿಯಿಂದ ತಲೆಗೆ 3,200 ಡಾಲರ್‌ವರೆಗೆ ವಸೂಲಿ ಮಾಡುತ್ತದೆ. ಅಷ್ಟು ದುಡ್ಡಿನ ಮುಂದೆ 27ನೇ ಸೆಕ್ಷನ್ ಓದುತ್ತಾ ಕೂರುವವರು ಯಾರು? ಹಕ್ಕು ಕೊಟ್ಟದ್ದು ಪಾರ್ಲಿಮೆಂಟ್, ಅದನ್ನು ಜಾರಿ ಮಾಡುವುದು ಚೆಕ್-ಇನ್ ಕೌಂಟರ್. ಹಾಗೆ ನೋಡಿದರೆ ಹಕ್ಕಿಗೂ ಬೇರೆ ದುಡ್ಡು ಕಟ್ಟಿದ್ದಾನೆ ಹುಡುಗ. ಅರ್ಜಿಯ ಶುಲ್ಕ ಒಂದು ಕಡೆ, ಬರೀ ಖಾಯಂ ವಾಸದ ಹಕ್ಕಿಗೆ ಅಂತಲೇ ಇನ್ನೊಂದು ಶುಲ್ಕ. 2024ರ ದರದಲ್ಲಿ ಆ ಹಕ್ಕಿನ ಬೆಲೆ 575 ಡಾಲರ್.

ರಾಗಿ ಹಿಟ್ಟು ಎಕ್ಸ್‌ಪ್ರೆಸ್‌ವೇಯಲ್ಲಿ ಎರಡನೇ ಸಲ ಟೋಲ್ ಕಟ್ಟಿಕೊಂಡು ಮಂಡ್ಯಕ್ಕೆ ವಾಪಸ್ ಬಂತು.

ಕಾರ್ಡ್ ಅನ್ನುವುದೇ ತಪ್ಪು ಅಂತ ನಾನು ಹೇಳುತ್ತಿಲ್ಲ. 2002ಕ್ಕೆ ಮುಂಚೆ ವಲಸೆ ಹೋದವರಿಗೆ ಒಂದು ಕಾಗದ ಕೊಡುತ್ತಿದ್ದರು. ಅದನ್ನು ಪಾಸ್‌ಪೋರ್ಟಿಗೆ ಪಿನ್ ಹೊಡೆದುಕೊಂಡು ಓಡಾಡುತ್ತಿದ್ದರು. 2001ರ ಸೆಪ್ಟೆಂಬರಿನಲ್ಲಿ ಅಮೆರಿಕದ ಮೇಲೆ ದಾಳಿಯಾದ ಮೇಲೆ ಕಾಗದವನ್ನು ಯಾರೂ ನಂಬದಾದರು. 2002ರ ಜೂನ್ 28ರಿಂದ ಪ್ಲಾಸ್ಟಿಕ್ ಕಾರ್ಡ್ ಬಂತು. 2003ರ ಡಿಸೆಂಬರ್ 31ರಿಂದ ವಿಮಾನ, ಹಡಗು, ರೈಲು, ಬಸ್ಸು, ಯಾವುದರಲ್ಲಿ ಬಂದರೂ ಕಾರ್ಡ್ ತೋರಿಸಲೇಬೇಕು ಅಂತಾಯಿತು. ಸರಿ, ಒಪ್ಪೋಣ. ಆದರೆ ಈಗ ಫ್ರಾನ್ಸಿನವನೊಬ್ಬನಿಗೆ ನಯಾಗರ ನೋಡುವ ಮನಸ್ಸಾಯಿತು ಅನ್ನಿ. ಮನೆಯಲ್ಲಿ ಕೂತು 7 ಡಾಲರ್ ಕಟ್ಟುತ್ತಾನೆ, ಸಾಮಾನ್ಯವಾಗಿ ಕಾಫಿ ಆರುವುದರೊಳಗೆ ಇಟಿಎ ಅನ್ನುವ ಅನುಮತಿ ಬರುತ್ತದೆ. ಕಾರ್ಡೂ ಇಲ್ಲ, ಕಾಗದವೂ ಇಲ್ಲ. ಅವನ ಪಾಸ್‌ಪೋರ್ಟ್ ನಂಬರಿಗೆ ಅದು ಕಂಪ್ಯೂಟರಿನಲ್ಲೇ ಅಂಟಿಕೊಂಡಿರುತ್ತದೆ. ಹದಿನೈದು ದಿನ ಸುತ್ತಾಡಿ ಹೋಗುವವನನ್ನು ಕಂಪ್ಯೂಟರ್ ಗುರುತು ಹಿಡಿಯುತ್ತದೆ. ಅಲ್ಲೇ ಬಾಡಿಗೆ, ತೆರಿಗೆ, ಕಾರಿನ ಇನ್ಶೂರೆನ್ಸ್ ಕಟ್ಟುವವನನ್ನು ಕಂಡರೆ ಅದಕ್ಕೆ ಪೊರೆ ಬರುತ್ತದೆ.

ಹಾಗಂತ ಪರಿಹಾರ ಇಲ್ಲವೆಂದಲ್ಲ. ಪರಿಹಾರಗಳು ಜಾಸ್ತಿಯೇ ಇವೆ.

ಪಿ.ಆರ್. ಟ್ರಾವೆಲ್ ಡಾಕ್ಯುಮೆಂಟ್ ಅಂತ ಒಂದಿದೆ. 50 ಡಾಲರ್ ಕೊಟ್ಟು ಅರ್ಜಿ ಹಾಕಬೇಕು. ಸಾಮಾನ್ಯವಾಗಿ ಒಂದು ಸಲ ವಾಪಸ್ ಹೋಗುವುದಕ್ಕೆ ಕೊಡುತ್ತಾರೆ. ಬುದ್ಧಿವಂತರು ಇದನ್ನು ಮೊದಲೇ ಮಾಡಿಸಿಕೊಂಡು ಬರಬೇಕಿತ್ತು ಅಲ್ವಾ? ಆಗುವುದಿಲ್ಲ. ಅರ್ಜಿ ಹಾಕುವವನು ಕೆನಡಾದ ಹೊರಗೇ ಇರಬೇಕು. ಅಂದರೆ ಮೊದಲು ಸಿಕ್ಕಿಹಾಕಿಕೊಳ್ಳಬೇಕು, ಆಮೇಲೆ ಬಿಡಿಸಿ ಅಂತ ಕೇಳಬೇಕು. ಕಾರ್ಡಿಗೆ ಇದರ ತದ್ವಿರುದ್ಧ. ಅದನ್ನು ಕೆನಡಾದ ವಿಳಾಸಕ್ಕೆ ಮಾತ್ರ ಕಳಿಸುತ್ತಾರೆ, ಹೊರದೇಶಕ್ಕೆ ಕಳಿಸುವುದಿಲ್ಲ. ಯಾರು ಅಲ್ಲೇ ಇದ್ದಾರೋ, ಯಾರಿಗೆ ಕಾರ್ಡಿನ ಅವಸರ ಇಲ್ಲವೋ, ಅವರ ಮನೆಗೆ ಅದು ಹುಡುಕಿಕೊಂಡು ಹೋಗುತ್ತದೆ.

ಇವನದೂ ಹೋಗಿತ್ತು. ಕಾರ್ಡ್ ಪೋಸ್ಟ್ ಆಗಿದೆ ಅಂತ ಆನ್‌ಲೈನ್‌ನಲ್ಲಿ ತೋರಿಸುತ್ತಿತ್ತು. ಅಲ್ಲಿ ಪೋಸ್ಟ್‌ಮ್ಯಾನ್ ಮನೆ ಬಾಗಿಲಿಗೆ ಬಂದು 'ಸಾರ್, ಪೋಸ್ಟ್' ಅನ್ನುವುದಿಲ್ಲ. ಬೀದಿಯ ತುದಿಯಲ್ಲಿ ಸಾಲಾಗಿ ಕಬ್ಬಿಣದ ಗೂಡುಗಳಿರುತ್ತವೆ, ಮನೆಗೊಂದು ಗೂಡು, ಗೂಡಿಗೊಂದು ಬೀಗ. ಕಾರ್ಡ್ ಗೂಡಿನೊಳಗೆ. ಗೂಡಿನ ಕೀ ಗುತ್ತಲು ರಸ್ತೆಯಲ್ಲಿ, ಹಾಲಿನ ಲೆಕ್ಕದ ಕ್ಯಾಲೆಂಡರ್ ಪಕ್ಕದ ಮೊಳೆಗೆ ನೇತುಹಾಕಿತ್ತು. ಇನ್ನೊಂದು ಕೀ ಮನೆ ಓನರ್ ಹತ್ತಿರ ಇದೆ. ಓನರ್ ಯಾವುದೋ ಮದುವೆಗೆ ಅಂತ ಜಲಂಧರ್‌ಗೆ ಬಂದಿದ್ದಾರೆ. ಅವರ ಹತ್ತಿರ ಎಲ್ಲ ಕಾರ್ಡೂ ಇವೆ, ಅವಸರವಿಲ್ಲ.

ಇನ್ನೊಂದು ದಾರಿ ನನಗೆ ಬಹಳ ಇಷ್ಟವಾಯಿತು. ಮೊದಲು ಹೇಳಿದ್ದು ವಿಮಾನ, ಹಡಗು, ರೈಲು, ಬಸ್ಸು ಅಲ್ವಾ? ಅದರಲ್ಲಿ ಕಾರು ಇಲ್ಲ. ಕೆನಡಾ-ಅಮೆರಿಕ ಗಡಿ 8,891 ಕಿಲೋಮೀಟರ್ ಉದ್ದ. ಅದರ ಯಾವ ರಸ್ತೆಯ ಗೇಟಿಗಾದರೂ ಸ್ವಂತ ಕಾರಿನಲ್ಲಿ ಬಂದರೆ ಪಿ.ಆರ್. ಕಾರ್ಡ್ ಬೇಕೇಬೇಕು ಅಂತಿಲ್ಲ. ಬಾಡಿಗೆ ಕಾರಾದರೂ ಆದೀತು, ಸ್ನೇಹಿತನ ಹತ್ತಿರ ಕೇಳಿ ತಂದ ಕಾರಾದರೂ ಆದೀತು. ಪಾಸ್‌ಪೋರ್ಟ್ ಜೊತೆ ಅದೇ ದೃಢೀಕರಣ ಪತ್ರ ತೋರಿಸಬಹುದು. ಕೌಂಟರಿನಲ್ಲಿ ಕಾಸಿಗೂ ಬಾರದ ಪತ್ರ, ಸ್ಟೀರಿಂಗ್ ಹಿಡಿದವನ ಕೈಯಲ್ಲಿ ನಡೆಯುತ್ತದೆ. ಬಸ್ಸಿನಲ್ಲಿ ಬಂದವನು ಅನುಮಾನದ ಮನುಷ್ಯ. ಬೇರೆಯವರ ಕಾರು ಕೇಳಿ ತಂದವನು ಸಂಭಾವಿತ.

ಇದನ್ನು ಕೇಳಿದ್ದೇ ಟ್ರಾವೆಲ್ಸ್ ಇಟ್ಟಿರುವ ಅವನ ಸೋದರಮಾವ ಎದ್ದು ನಿಂತರು. 'ಕಾರು ಅಂದ್ರೆ ನಂದೈತಲ್ಲ ಮಗ, ಇನ್ನೋವಾ, ಡೀಸೆಲ್ ಹಾಕ್ಸು ಸಾಕು!' ನಡುವೆ ಸಮುದ್ರ ಇದೆ ಅಂತ ತಿಳಿಸಿ ಕೂರಿಸಬೇಕಾಯಿತು. ಅಮೆರಿಕದವರೆಗೆ ವಿಮಾನದಲ್ಲಿ ಹೋಗಿ ಅಲ್ಲಿಂದ ಕಾರು ಹಿಡಿಯಬೇಕು. ಅದಕ್ಕೆ ಅಮೆರಿಕದ ವೀಸಾ ಬೇಕು. ಅದಕ್ಕೆ ಚೆನ್ನೈಗೋ ಹೈದರಾಬಾದಿಗೋ ಸಂದರ್ಶನಕ್ಕೆ ಹೋಗಬೇಕು. 2022, 2023ರಲ್ಲಿ ಆ ಸಂದರ್ಶನದ ದಿನಾಂಕಕ್ಕೇ ಒಂದು ವರ್ಷಕ್ಕಿಂತ ಜಾಸ್ತಿ ಕಾದವರಿದ್ದಾರೆ. ಕೆನಡಾದ ಮನೆಗೆ ಹೋಗುವುದಕ್ಕೆ ಅಮೆರಿಕದ ಒಪ್ಪಿಗೆ ಪಡೆಯುವಷ್ಟರಲ್ಲಿ ತಂಗಿಯ ಮಗುವಿನ ನಾಮಕರಣವನ್ನೂ ಮುಗಿಸಿಕೊಂಡೇ ಹೋಗಬಹುದು.

ಮಂಡ್ಯದವರಿಗೆ ಇದೆಲ್ಲ ತಕ್ಷಣ ಅರ್ಥವಾಯಿತು ಅನ್ನುವುದನ್ನು ನಾನು ಹೆಮ್ಮೆಯಿಂದ ಹೇಳಬೇಕು. ಬೆಂಗಳೂರಿನ ಅವನ ಸ್ನೇಹಿತರು 'ಅದು ಹೇಗೆ ಸಾಧ್ಯ, ಅದು ಮುಂದುವರಿದ ದೇಶ' ಅಂತ ಕೂಗಾಡಿದರಂತೆ. ನಮ್ಮ ಬೀದಿಯ ನಿವೃತ್ತ ಹೆಡ್‌ಮಾಸ್ಟರು ಮಾತ್ರ ತಲೆ ಅಲ್ಲಾಡಿಸಿ ನಕ್ಕರು. ಅವರು ಪಿಂಚಣಿದಾರರು. ತಾವು ಬದುಕಿದ್ದೇವೆ ಅಂತ ವರ್ಷಕ್ಕೊಮ್ಮೆ ಪ್ರಮಾಣಪತ್ರ ಕೊಡುವವರು. ಒಂದು ವರ್ಷ ಕೌಂಟರಿನವನ ಎದುರಿಗೇ ನಿಂತು, 'ನಾನೇ ಬಂದಿದ್ದೀನಲ್ಲಪ್ಪ' ಅಂದರೆ, 'ನೀವು ಬಂದ್ರೆ ಆಗಲ್ಲ ಸಾರ್, ಬೆರಳಚ್ಚು ಬರಬೇಕು' ಅಂದನಂತೆ. ಸೀಮೆಸುಣ್ಣ ಹಿಡಿದು ಹಿಡಿದು ಬೆರಳಿನ ಗೆರೆಯೇ ಸವೆದುಹೋಗಿತ್ತು. 'ಕೆನಡಾದೋರು ನಮ್ಮ ದಾರೀಗೆ ಬರ್ತಾವ್ರೆ' ಅಂದರು ಮೇಷ್ಟ್ರು, ಸ್ವಲ್ಪ ಸಂತೋಷದಿಂದಲೇ.

ಟೀ ಅಂಗಡಿಯಲ್ಲಿ ಸಲಹೆಗಳಿಗೆ ಬರವಿರಲಿಲ್ಲ. ಎಂಎಲ್‌ಎ ಲೆಟರ್‌ಹೆಡ್ ತಗೋ ಅಂದರು. ನಾಡಕಚೇರಿಯಲ್ಲಿ ವಾಸಸ್ಥಳ ದೃಢೀಕರಣ ಮಾಡಿಸು ಅಂದರು. ಇವನು ಮಂಡ್ಯದವನು ಅಂತ ದೃಢೀಕರಿಸಿದರೆ ಕೆನಡಾಕ್ಕೆ ಹೇಗೆ ಬಿಡುತ್ತಾರೆ ಅಂತ ಕೇಳಿದ್ದಕ್ಕೆ, 'ಸೀಲ್ ಇರ್ತದಲ್ಲ' ಅಂದರು. ಇನ್ನೊಬ್ಬರದು ಶಾಯಿಯ ಯೋಜನೆ. ವೋಟು ಹಾಕಿದವರ ಬೆರಳಿಗೆ ಹಚ್ಚುವ ಶಾಯಿ ನಮ್ಮ ಮೈಸೂರಿನದೇ. ನಾಲ್ವಡಿಯವರು 1937ರಲ್ಲಿ ಶುರು ಮಾಡಿದ ಬಣ್ಣದ ಕಾರ್ಖಾನೆ 1962ರ ಚುನಾವಣೆಯಿಂದಲೂ ಅದನ್ನು ಮಾಡಿಕೊಡುತ್ತಿದೆ, ಹೊರದೇಶಗಳಿಗೂ ಹೋಗುತ್ತದೆ. ಪಿ.ಆರ್. ಆದವನ ಬೆರಳಿಗೆ ಅದನ್ನೇ ಒಂದು ಗೆರೆ ಎಳೆದು ಕಳಿಸಲಿ ಅಂತ ಅವರ ವಾದ. ಸುಮ್ನೆ ನಕ್ಕು ಬಿಡಬೇಡಿ. ಗೂಡಿನ ಬೀಗಕ್ಕೆ ಹೋಲಿಸಿದರೆ ಇದು ಎಷ್ಟೋ ವಾಸಿ.

ಕೊನೆಗೆ ತೀರ್ಮಾನವಾದದ್ದು ಹೀಗೆ. ಮಗ ಟ್ರಾವೆಲ್ ಡಾಕ್ಯುಮೆಂಟಿಗೆ ಅರ್ಜಿ ಹಾಕಿ ಬೆಂಗಳೂರಿನ ವೀಸಾ ಅರ್ಜಿ ಕೇಂದ್ರಕ್ಕೆ ಪಾಸ್‌ಪೋರ್ಟ್ ಕೊಡುವುದು. ಯಾವುದಕ್ಕೂ ಇರಲಿ ಅಂತ, ಕೀ ತೆಗೆದುಕೊಂಡು ತಾಯಿ ಕೆನಡಾಕ್ಕೆ ಹೊರಡುವುದು. ಮಗನ ಮನೆಗೆ ಮಗ ಹೋಗುವಂತಿಲ್ಲ, ತಾಯಿ ಹೋಗಬಹುದಲ್ಲ! ಗದ್ದೆಯಲ್ಲಿ ಇವತ್ತಿಗೂ ಕಳೆ ಕೀಳುವ ಆ ತಾಯಿ, ಭಾಷೆ ಬಾರದ ಎಲ್ಲ ತಾಯಂದಿರಂತೆ, ಏರ್‌ಪೋರ್ಟಿನಲ್ಲಿ ವ್ಹೀಲ್‌ಚೇರ್ ಹೇಳಿಸಿಕೊಂಡು ರಾಣಿಯ ಹಾಗೆ ಹೋದರು. ಟೊರಾಂಟೊದಲ್ಲಿ ಅಧಿಕಾರಿ, ಯಾಕೆ ಬಂದಿರಿ ಅಂತ ಕೇಳಿದ.

'ಸನ್ ಹೌಸ್.'

ಮಗ ಎಲ್ಲಿ?

'ಮಂಡ್ಯ.'

ಅಧಿಕಾರಿ ಸ್ವಲ್ಪ ಹೊತ್ತು ಪಾಸ್‌ಪೋರ್ಟ್ ನೋಡಿದ, ಸ್ವಲ್ಪ ಹೊತ್ತು ಅವರನ್ನು ನೋಡಿದ, ಆರು ತಿಂಗಳು ಇರಬಹುದು ಅಂತ ಒಳಗೆ ಬಿಟ್ಟ. ಮಗನ ರೂಮ್‌ಮೇಟ್‌ಗಳು ಕರೆದುಕೊಂಡು ಹೋಗಿ ನಯಾಗರ ತೋರಿಸಿದರು. ಪ್ರವಾಸಿ ಮನೆಯಲ್ಲಿದ್ದಾರೆ, ನಿವಾಸಿ ಪ್ರವಾಸದಲ್ಲಿದ್ದಾನೆ. ಅವನನ್ನು ಕಂಡವರೆಲ್ಲ 'ಏನ್ಲಾ ಮಗ, ಇನ್ನೂ ಹೋಗ್ಲಿಲ್ವಾ? ಕೆಲಸ ಗಿಲಸ ಹೋಯ್ತಾ?' ಅಂತ ಕೇಳುತ್ತಾರೆ. ಆಫೀಸಿನವರು ಅಲ್ಲಿಂದ ಅದನ್ನೇ ಇಂಗ್ಲಿಷಿನಲ್ಲಿ ಕೇಳುತ್ತಿದ್ದಾರೆ.

ತಾಯಿ ಗೂಡು ತೆಗೆದರು. ಕಾರ್ಡ್ ಇತ್ತು. ಕೊರಿಯರ್ ಮಾಡಿದರು. ಅದು ಸಮುದ್ರ ದಾಟಿ ಬಂದು ಗುತ್ತಲು ರಸ್ತೆಯ ಬಾಗಿಲನ್ನೂ ಮುಟ್ಟಿತು. ಕೊರಿಯರ್ ಹುಡುಗ ಕವರ್ ಕೈಯಲ್ಲಿ ಹಿಡಿದುಕೊಂಡೇ, 'ಸಾರ್, ಐಡಿ ಪ್ರೂಫ್' ಅಂದ.

ಪಾಸ್‌ಪೋರ್ಟ್ ಬೆಂಗಳೂರಿನಲ್ಲಿತ್ತು. ಆಧಾರ್ ಬ್ರಾಂಪ್ಟನ್ ಮನೆಯ ಡ್ರಾಯರಿನಲ್ಲಿತ್ತು. ಕವರಿನೊಳಗೆ ಒಳ್ಳೆಯ ಫೋಟೊ ಇರುವ ಕಾರ್ಡೊಂದಿದೆ, ಒಡೆದು ನೋಡಪ್ಪ ಅಂದರೆ ಹುಡುಗ ಒಪ್ಪಲಿಲ್ಲ, ತಲುಪಿಸದೆ ಒಡೆಯುವಂತಿಲ್ಲ ಅಂದ. 'ಡಿಜಿಲಾಕರ್ ತೆಗೀರಿ ಸಾರ್, ಒಟಿಪಿ ಬರ್ತದೆ.' ಒಟಿಪಿ ಬಂದಿರಬೇಕು. ಹೋಗಿದ್ದು ಇವನ ಹಳೆಯ ನಂಬರಿಗೆ. ರೀಚಾರ್ಜ್ ಮಾಡದೆ ಆ ಸಿಮ್ ಎಂದೋ ಸತ್ತಿತ್ತು, ನಂಬರ್ ಈಗ ಇನ್ಯಾರದೋ.

'ಹೋಗ್ಲಿ, ಈ ಊರೋರು ಅನ್ನೋದಕ್ಕೆ ಬೇರೆ ಏನಾದ್ರೂ ಐತಾ ಸಾರ್?'

ಅಪ್ಪ ಅಂಗಿ ಹಾಕಿಕೊಂಡು ನಾಡಕಚೇರಿಗೆ ಹೋದರು. ಸರ್ವರ್ ಡೌನ್ ಆಗಿತ್ತು.