ಕಾಗೆ ಬಳಗವೂ ಇಂಗ್ಲಿಷಿನ ಕೊಲೆಯೂ

ಮೀನುಗಳ ಗುಂಪಿಗೆ ಇಂಗ್ಲಿಷಿನಲ್ಲಿ ಸ್ಕೂಲ್ ಅಂತಾರೆ ಎಂದು ಮೊದಲ ಸಲ ಕೇಳಿದಾಗ ನಾನು ಪೂರ್ತಿ ನಂಬಿಬಿಟ್ಟೆ. ಮುಂದೆ ಹೋಗುವ ದಪ್ಪ ಮೀನು ಮೇಷ್ಟ್ರು. ಹಿಂದೆ ಸಾಲಾಗಿ ಬರುವವು ಮಕ್ಕಳು. ಎಷ್ಟೋ ವರ್ಷ ಈ ಚಿತ್ರ ತಲೆಯಲ್ಲಿತ್ತು. ಆಮೇಲೆ ಗೊತ್ತಾಯಿತು, ಆ ಸ್ಕೂಲಿಗೂ ಪಾಠಕ್ಕೂ ಸಂಬಂಧವೇ ಇಲ್ಲ. ಅದು ಡಚ್ ಭಾಷೆಯಿಂದ ಬಂದ ಬೇರೆಯೇ ಪದ, ಅರ್ಥ ಬರೀ ಗುಂಪು. ಪಾಪ, ಮೇಷ್ಟ್ರು ಮೀನಿನ ಕೆಲಸ ಹೋಯಿತು.

ದಿನಬಳಕೆಗೆ ಇಂಗ್ಲಿಷಿನಲ್ಲಿ ಜಾಸ್ತಿ ಪದ ಬೇಕಾಗಿಲ್ಲ. ಹಕ್ಕಿಗೂ ಕುರಿಗೂ ಫ್ಲಾಕ್, ದನಕ್ಕೂ ಆನೆಗೂ ಹರ್ಡ್, ತೋಳಕ್ಕೆ ಪ್ಯಾಕ್. ನಮ್ಮ ಹಿಂಡು, ಮಂದೆ ಇದ್ದ ಹಾಗೆ. ಆದರೆ ಕ್ವಿಜ್ ಮಾಡುವವರು ಬಿಡಬೇಕಲ್ಲ! ಸಿಂಹಗಳದ್ದು ಪ್ರೈಡ್, ಅಂದರೆ ಹೆಮ್ಮೆ. ಇರಲಿ, ಒಪ್ಪುತ್ತದೆ. ಗೂಬೆಗಳು ಸೇರಿದರೆ ಪಾರ್ಲಿಮೆಂಟ್. ಹಗಲು ಹೊತ್ತು ತೂಕಡಿಸುವುದನ್ನು ನೋಡಿಯೇ ಇಟ್ಟಿರಬೇಕು. ಕಾಗೆಗಳು ಸೇರಿದರೆ ಮಾತ್ರ ಮರ್ಡರ್. ಕೊಲೆ!

ಇದು ನನಗೆ ಇವತ್ತಿಗೂ ಗಂಟಲಲ್ಲಿ ಇಳಿಯುವುದಿಲ್ಲ. ಒಂದು ಅಗುಳು ಕಂಡರೂ ಕಾ ಕಾ ಎಂದು ನಂಟರನ್ನೆಲ್ಲ ಕೂಗುವ ಹಕ್ಕಿ ಅದು. ಕನ್ನಡದಲ್ಲಿ ಕಾಗೆ ಅಂದರೆ ಅದರ ಹಿಂದೆಯೇ ಬಳಗ ಎನ್ನುವ ಮಾತು ಬರುತ್ತದೆ, ಅಲ್ವಾ?

ಈ ಕೊಲೆ ಆಪಾದನೆ ಹಳೆಯದು. 1486ರಲ್ಲಿ ಇಂಗ್ಲೆಂಡಿನ ಸೇಂಟ್ ಆಲ್ಬನ್ಸ್‌ನಲ್ಲಿ ಅಚ್ಚಾದ ಒಂದು ಬೇಟೆ ಪುಸ್ತಕದಲ್ಲಿ ಇಂಥ ಪದಗಳ ಉದ್ದ ಪಟ್ಟಿಯಿದೆ, ಕಾಗೆಯ ಮರ್ಡರೂ ಆ ಶತಮಾನದ ಇಂಥ ಪಟ್ಟಿಗಳಿಂದಲೇ ಬಂದದ್ದು. ಬೇಟೆಗೆ ಹೋಗುವ ದೊಡ್ಡ ಮನೆತನದವರಿಗೆ ಸರಿಯಾದ ಪದ ಗೊತ್ತಿರಬೇಕಲ್ಲ, ಅದಕ್ಕೆ. ಆದರೆ ಬರೆಯುತ್ತಾ ಬರೆಯುತ್ತಾ ಉಮೇದು ಏರಿ ಮನುಷ್ಯರನ್ನೂ ಅದರಲ್ಲಿ ಸೇರಿಸಿದ್ದಾರೆ. ಕ್ರೈಸ್ತ ಸನ್ಯಾಸಿನಿಯರ ಗುಂಪಿಗೆ ಕೊಟ್ಟ ಹೆಸರಿನ ಅರ್ಥ ಕೇಳಿದರೆ ನಗು ಬರುತ್ತದೆ: ಬೇಕಾದ್ದಕ್ಕಿಂತ ಜಾಸ್ತಿ! ಅಲ್ಲಿಗೆ ಪಟ್ಟಿಯ ಅರ್ಧ ಬರೀ ತಮಾಷೆ ಅಂತಾಯಿತು. ಹೊಲದಲ್ಲಿ ಕಾಗೆ ಕಂಡ ಇಂಗ್ಲಿಷ್ ರೈತ ಮರ್ಡರ್ ಬಂತು ಎಂದು ಕೂಗಿರಲಾರ.

ಹಾಗಂತ ಎಲ್ಲವನ್ನೂ ತಳ್ಳಿಹಾಕಲು ಮನಸ್ಸು ಬರುವುದಿಲ್ಲ. ಹೆಬ್ಬಾತುಗಳು ನೆಲದ ಮೇಲಿದ್ದರೆ ಗ್ಯಾಗಲ್. ಅವುಗಳ ಗಲಾಟೆಯೆಲ್ಲ ಆ ಸದ್ದಿನಲ್ಲೇ ಇದೆ. ಅವೇ ಹಕ್ಕಿಗಳು ಮೇಲೆದ್ದು ಹಾರಿದರೆ ಸ್ಕೀನ್, ಅಂದರೆ ನೂಲಿನ ಲಡಿ. ಆಕಾಶದಲ್ಲಿ ಅವು ಉದ್ದಕ್ಕೆ, ಸ್ವಲ್ಪ ಸಡಿಲವಾಗಿ, ಎಳೆ ಬಿಚ್ಚಿಕೊಂಡ ಹಾಗೆ ಹೋಗುವುದನ್ನು ಯಾರೋ ಕತ್ತೆತ್ತಿ ನೋಡಿದ್ದಾರೆ. ಹೆಬ್ಬಾತುಗಳ ಲಡಿ. ಕನ್ನಡದಲ್ಲೂ ಚೆನ್ನಾಗಿ ಕೂರುತ್ತದೆ. ಕಾಗೆಯನ್ನು ಅದರ ಬಳಗಕ್ಕೇ ಬಿಟ್ಟು, ಇದೊಂದನ್ನು ನಾನು ಸುಮ್ನೆ ಎತ್ತಿಟ್ಟುಕೊಂಡಿದ್ದೇನೆ.